‘ನೀನು’ ಎನ್ನಲೋ, ‘ನೀವು’ ಎನ್ನಲೋ?

ಎಪ್ಪತ್ತು ತುಂಬಿದ ಮಾಸ್ತರನೊಬ್ಬ ಮತ್ತೆ ಒಂದನೆಯ ಇಯತ್ತೆಗೆ ಹೆಸರು ಹಚ್ಚಿದರೆ ಊರ ಜನ ನಗದೆ ಇರಲಾರರು. ಬೈಲಹೊಂಗಲದಲ್ಲಿ ಈಗ ನನ್ನ ಪಾಡು ಅದೇ ಆಗಿದೆ. ಮೂವತ್ತು ವರ್ಷ ಕನ್ನಡ ವ್ಯಾಕರಣವನ್ನು ಹುಡುಗರಿಗೆ ಕಂಠಪಾಠ ಮಾಡಿಸಿದವನು ಈಗ ಜರ್ಮನ್ ಭಾಷೆಯ ಸರ್ವನಾಮಗಳನ್ನು ತಾನೇ ಕಂಠಪಾಠ ಮಾಡುತ್ತ ಕುಳಿತಿದ್ದೇನೆ. ಮಗಳು ಸಂಸಾರ ಸಮೇತ ಸ್ಟುಟ್‌ಗಾರ್ಟಿನಲ್ಲಿ ನೆಲೆಸಿದ್ದಾಳೆ. ಮೊಮ್ಮಗಳ ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ಜರ್ಮನ್. ಆ ಉಳಿದರ್ಧವೂ ತಿಳಿಯಲೆಂದು ಪುಸ್ತಕ ತರಿಸಿಕೊಂಡೆನೆಂದು ನೆರೆಹೊರೆಯವರಿಗೆ ಹೇಳಿದ್ದೇನೆ. ಅದು ಸುಳ್ಳಲ್ಲ. ಆದರೆ ಅಸಲು ಕಾರಣ ಬೇರೆ.

ಎರಡು ವರ್ಷದ ಹಿಂದೆ ಕಾಫ್ಕಾ ತನ್ನ ತಂದೆಗೆ ಬರೆದ ದೀರ್ಘ ಪತ್ರವನ್ನು ಇಂಗ್ಲಿಷಿನಲ್ಲಿ ಓದಿದೆ. 1919ರಲ್ಲಿ ಬರೆದ ಆ ಪತ್ರ ತಂದೆಯ ಕೈ ಸೇರಲೇ ಇಲ್ಲ; ಪೂರ್ಣವಾಗಿ ಅಚ್ಚಾದದ್ದು 1952ರಲ್ಲಿ, ತಂದೆ ಮಗ ಇಬ್ಬರೂ ತೀರಿಹೋಗಿ ಎಷ್ಟೋ ವರ್ಷಗಳ ಮೇಲೆ. ಓದಿದವನಿಗೆ ಸುಮ್ಮನಿರಲಾಗಲಿಲ್ಲ. ಇದನ್ನು ಕನ್ನಡಕ್ಕೆ ತರಬೇಕೆಂದು ಹೊಸ ನೋಟುಪುಸ್ತಕ ಕೊಂಡು, ಶುಭ ದಿನ ನೋಡಿ ಬರೆಯಲು ಕುಳಿತೆ. ಸಂಬೋಧನೆ ಬರೆದೆ. ಮುಂದಿನ ಶಬ್ದಕ್ಕೇ ಲೇಖನಿ ನಿಂತಿತು. ಇಂಗ್ಲಿಷಿನಲ್ಲಿ ‘ಯು’ ಎಂದಿತ್ತು. ಮಗನು ತಂದೆಯನ್ನು ‘ನೀನು’ ಎಂದು ಕರೆದನೋ, ‘ನೀವು’ ಎಂದು ಕರೆದನೋ? ನೂರು ಪುಟದ ಪತ್ರದ ಒಂದೊಂದು ಸಾಲೂ ಈ ಪ್ರಶ್ನೆಯ ಮೇಲೆ ನಿಂತಿದೆ. ‘ಯು’ ಎಂಬ ಶಬ್ದವನ್ನು ಎಷ್ಟು ಹಿಂಡಿದರೂ ಉತ್ತರ ಹೊರಡದು. ಆದ್ದರಿಂದ ಮೂಲವನ್ನೇ ನೋಡೋಣವೆಂದು ಹೊರಟೆ. ಹೊರಟವನು ಸರ್ವನಾಮದ ಪಾಠದಲ್ಲಿ ಸಿಕ್ಕಿಕೊಂಡೆ. ಆ ಸಿಕ್ಕಿನಲ್ಲಿ ಕಂಡ ನಾಲ್ಕು ಸಂಗತಿಗಳನ್ನು, ಜರ್ಮನ್ ಸಾಹಿತ್ಯವನ್ನು ಕನ್ನಡದಲ್ಲಿ ಓದುವ ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಮೊದಲು ಪಾಠವನ್ನೇ ನೋಡೋಣ. ನಾನು ಎಂಬುದಕ್ಕೆ ‘ಇಶ್’, ನೀನು ಎಂಬುದಕ್ಕೆ ‘ದು’, ಅವನು ‘ಏರ್’, ಅವಳು ‘ಜ಼ೀ’, ಅದು ‘ಎಸ್’. ನಾವು ಎಂಬುದು ‘ವೀರ್’. ಸಲಿಗೆಯ ಹಲವರನ್ನು ಒಟ್ಟಿಗೆ ಕರೆಯುವ ನೀವು ಎಂಬುದು ‘ಈರ್’. ಇಲ್ಲಿಯವರೆಗೆ ಸುಖ. ಮುಂದೆ ಅವರು ಎಂಬುದಕ್ಕೆ ಏನು ಎಂದು ನೋಡಿದರೆ ಮತ್ತೆ ‘ಜ಼ೀ’! ಗೌರವದ ನೀವು ಎಂಬುದಕ್ಕೆ ಏನು? ಅದೂ ‘ಜ಼ೀ’! ಬರೆಯುವಾಗ ಮಾತ್ರ ಗೌರವದ ‘ಜ಼ೀ’ಗೆ ಮೊದಲ ಅಕ್ಷರ ದೊಡ್ಡದು. ಕಿವಿಗೆ ಮೂರೂ ಒಂದೇ. ಮರಾಠಿಯ ಒಡನಾಟವಿರುವ ನಮ್ಮ ಕಡೆಯವರಿಗೆ ಆ ಜಕಾರದ ಉಚ್ಚಾರ ಕಷ್ಟವಲ್ಲ. ಅದು ಯಾರನ್ನು ಕುರಿತದ್ದೆಂದು ತಿಳಿಯುವುದೇ ಕಷ್ಟ. ಅವಳೋ, ಅವರೋ, ನೀವೋ? ಕ್ರಿಯಾಪದ ಬರುವತನಕ ಕಾಯಬೇಕು. ‘ಜ಼ೀ ಇಸ್ಟ್’ ಎಂದರೆ ಅವಳು. ‘ಜ಼ೀ ಜ಼ಿಂಟ್’ ಎಂದರೆ ಅವರು ಇಲ್ಲವೆ ತಾವು. ಅಷ್ಟಾದ ಮೇಲೂ ಕೊನೆಯ ಎರಡನ್ನು ಬಿಡಿಸಬೇಕಾದರೆ ಎದುರಿಗಿರುವವನ ಮುಖ ನೋಡಬೇಕು.

‘ಈರ್’ ಎಂಬುದರ ಆಟ ಇದಕ್ಕಿಂತ ಹೆಚ್ಚಿನದು. ಅದು ನೀವು ಎಂದೂ ಆದೀತು, ಅವಳಿಗೆ ಎಂದೂ ಆದೀತು, ಅವಳ, ಅವರ, ತಮ್ಮ ಎಂದೂ ಆದೀತು. ಬೈಲಹೊಂಗಲದ ಹತ್ತಿಯ ಪೇಟೆಯಲ್ಲಿ ಒಬ್ಬ ಹಮಾಲನು ಐದು ಅಂಗಡಿಯ ಗಂಟು ಹೊರುವಂತೆ ಈ ಒಂದು ಶಬ್ದ ಐದು ಅರ್ಥ ಹೊರುತ್ತದೆ.

ಆದರೆ ಕನ್ನಡದವನಿಗೆ ಇಲ್ಲಿ ಒಂದು ಅನುಕೂಲವಿದೆ, ಅದನ್ನು ಮರೆಯಬಾರದು. ಇಂಗ್ಲಿಷ್ ಬಲ್ಲವರು ಜರ್ಮನ್ ಕಲಿಯುವಾಗ ವಿಭಕ್ತಿಯ ಮುಂದೆ ಹೆದರುತ್ತಾರೆ. ಅವರ ‘ಮಿ’ ಎಂಬುದರಲ್ಲಿ ನನ್ನನ್ನು, ನನಗೆ ಎರಡೂ ಕರಗಿಹೋಗಿವೆ. ಜರ್ಮನ್ನಿನಲ್ಲಿ ನನ್ನನ್ನು ಎಂದರೆ ‘ಮಿಶ್’, ನನಗೆ ಎಂದರೆ ‘ಮೀರ್’. ದ್ವಿತೀಯಾ ಚತುರ್ಥಿಗಳನ್ನು ತಾಯ ಮೊಲೆಹಾಲಿನೊಂದಿಗೆ ಕುಡಿದ ನಮಗೆ ಇದರಲ್ಲಿ ಹೊಸದೇನಿದೆ? ‘ನನಗೆ ಚಳಿ’ ಎಂದು ನಾವು ಹೇಳುವಂತೆಯೇ ಅವರೂ ‘ಮೀರ್ ಇಸ್ಟ್ ಕಾಲ್ಟ್’ ಎನ್ನುತ್ತಾರೆ. ಇಂಗ್ಲಿಷಿನ ಚಾಳಿಯಲ್ಲಿ ‘ಇಶ್’ ಎಂದು ಪ್ರಥಮೆಯಿಂದ ಹೊರಟರೆ ತಾನು ಕಲ್ಲೆದೆಯವನೆಂದು ಹೇಳಿಕೊಂಡಂತಾಗುತ್ತದೆ. ಚಳಿ ನನ್ನ ಗುಣವಲ್ಲ, ನನಗೆ ಬಂದೊದಗಿದ್ದು ಎಂಬ ತಿಳಿವಳಿಕೆ ಎರಡು ಭಾಷೆಗಳಲ್ಲಿಯೂ ಇದೆ.

ಈ ಎರಡು ಭಾಷೆಗಳ ಪರಿಚಯ ಇಂದಿನದೇನೂ ಅಲ್ಲ. ನಾನು ಈಗ ಪಡುವ ಪಾಡನ್ನು ತಿರುವುಮುರುವಾಗಿ ಪಟ್ಟವರು ನಮ್ಮ ಸೀಮೆಯಲ್ಲಿಯೇ ಇದ್ದರು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡದಲ್ಲಿ ನೆಲೆಯೂರಿದರು. ಕಿತ್ತೂರಿನಿಂದ ಧಾರವಾಡ ಸುಮಾರು ಮೂವತ್ತು ಕಿಲೋಮೀಟರ್. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಂಡ್ ಕಿಟೆಲ್ಲರು ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಇದ್ದು ಕನ್ನಡವನ್ನು ಕಲಿತರು. ಕಲಿತರು ಎಂದರೆ ಸಾಲದು: 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿದರು, 1894ರಲ್ಲಿ ಆ ಮಹಾನಿಘಂಟನ್ನು ಕೊಟ್ಟರು, 1903ರಲ್ಲಿ ಕನ್ನಡದ ವ್ಯಾಕರಣವೊಂದನ್ನು ಬರೆದು ಮುಗಿಸಿ ಅದೇ ವರ್ಷ ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು. ಆ ಊರು ನನ್ನ ಮಗಳಿರುವ ಸ್ಟುಟ್‌ಗಾರ್ಟಿಗೆ ಸಮೀಪ.

ಒಂದು ಸಂಗತಿಯನ್ನು ಮಾತ್ರ ನಾವು ಸಾಕಷ್ಟು ಗಮನಿಸಿಲ್ಲವೆಂದು ತೋರುತ್ತದೆ. ಕಿಟೆಲ್ಲರ ತಾಯ್ನುಡಿ ಜರ್ಮನ್. ಅವರು ವಿವರಿಸಿದ್ದು ಕನ್ನಡವನ್ನು. ವಿವರಿಸಲು ಬಳಸಿದ್ದು ಇಂಗ್ಲಿಷನ್ನು. ಆಳುವವರ ಭಾಷೆ ಅದು, ಬೇರೆ ಉಪಾಯವಿರಲಿಲ್ಲ. ನೀನು ನೀವು ಎಂಬ ಭೇದ ತನ್ನ ಮನೆಯಲ್ಲಿಯೂ ಇರುವವನು, ಅದೇ ಭೇದವಿರುವ ಮತ್ತೊಂದು ಭಾಷೆಯನ್ನು, ಆ ಭೇದವನ್ನು ಕಳೆದುಕೊಂಡ ಮೂರನೆಯ ಭಾಷೆಯಲ್ಲಿ ವರ್ಣಿಸಬೇಕಾಯಿತು. ಆ ಕಾಲದ ಇಂಗ್ಲಿಷ್ ವ್ಯಾಕರಣಗಳು ‘ನೀನು’ ಎಂಬುದಕ್ಕೆ ‘ದೌ’ ಎಂದು ಅರ್ಥ ಕೊಡುತ್ತಿದ್ದವು. ಸರಿ, ಆದರೆ ‘ದೌ’ ಎಂಬುದು ಅಷ್ಟರಲ್ಲಿ ಸಾಮಾನ್ಯ ಇಂಗ್ಲಿಷ್ ಮನೆಗಳ ಅಡಿಗೆಮನೆಯಿಂದ ಹೊರಬಿದ್ದು ಚರ್ಚಿನಲ್ಲಿಯೂ ಕಾವ್ಯದಲ್ಲಿಯೂ ಮಾತ್ರ ಉಳಿದಿತ್ತು. ‘ನೀನು ಉಂಡೆಯಾ?’ ಎಂಬ ಅವ್ವನ ಮಾತಿಗೆ ಅಲ್ಲಿ ಬಾಗಿಲಿರಲಿಲ್ಲ. ಜರ್ಮನನ ‘ದು’ ಕನ್ನಡದ ‘ನೀನು’ ಎಂಬುದಕ್ಕೆ ಒಡಹುಟ್ಟು. ಇಬ್ಬರ ನಡುವೆ ದುಭಾಷಿಯಾಗಿ ಬಂದವನು ಮಾತ್ರ ಇಬ್ಬರ ಸಲಿಗೆಯನ್ನೂ ಅರಿಯದವನು. ಇಂದು ಜರ್ಮನ್ ಕೃತಿಗಳು ನಮ್ಮಲ್ಲಿಗೆ ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ ಬರುವಾಗಲೂ ಅದೇ ದುಭಾಷಿ ನಡುವೆ ಕುಳಿತಿರುತ್ತಾನೆ.

ಗೌರವದ ‘ಜ಼ೀ’ ಎಂಬುದನ್ನು ಮೊದಲು ಕಂಡಾಗ ನನಗೆ ನಗು ಬಂದಿತ್ತು. ಎದುರಿಗಿರುವ ಒಬ್ಬನನ್ನು ‘ಅವರು’ ಎಂದು ಕರೆಯುವುದೆ? ಆಮೇಲೆ ನನ್ನ ಕಾಲಬುಡವನ್ನೇ ನೋಡಿಕೊಂಡೆ. ನಮ್ಮ ‘ತಾವು’ ಎಂಬುದು ಏನು? ‘ತಾನು’ ಎಂಬುದರ ಬಹುವಚನ. ‘ತಾನು’ ಎಂದರೆ ಪ್ರಥಮಪುರುಷ. ಅವನು ತಾನೇ ಬಂದ, ಅವರು ತಾವೇ ಬಂದರು. ಆ ‘ತಾವು’ ಎದುರಿಗಿರುವವರ ಮೇಲೆ ಹೊದಿಸಿದ ಶಾಲು. ಸಂಸ್ಕೃತದ ‘ಭವಾನ್’ ಎಂಬುದೂ ಹಾಗೆಯೇ. ಮಧ್ಯಮಪುರುಷನನ್ನು ಕರೆದು, ಕ್ರಿಯೆಯನ್ನು ಪ್ರಥಮಪುರುಷದಲ್ಲಿ ಇಡುತ್ತದೆ. ರಾಮದುರ್ಗದ ಕಡೆಯ ಹಳೆಯ ಮನೆತನಗಳಲ್ಲಿ ಮರಾಠಿ ಕಿವಿಗೆ ಬೀಳುತ್ತದೆ. ಭಾವೆ ಮನೆತನದ ಆ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮರಾಠಿಯ ‘ಆಪಣ’ ಎಂಬುದು ತಾನು ಎಂದೂ ಆಗುತ್ತದೆ, ನಾವೆಲ್ಲ ಎಂದೂ ಆಗುತ್ತದೆ, ತಾವು ಎಂದೂ ಆಗುತ್ತದೆ. ದೊಡ್ಡವರನ್ನು ನೆಟ್ಟಗೆ ಬೊಟ್ಟುಮಾಡಿ ತೋರಿಸಲು ಮನುಷ್ಯನಿಗೆ ಎಲ್ಲ ಕಡೆಯೂ ಸಂಕೋಚ. ಆದ್ದರಿಂದ ಎದುರಿಗಿದ್ದವರನ್ನೇ ದೂರವಿದ್ದವರೆಂಬಂತೆ ಕರೆಯುತ್ತಾನೆ. ‘ಗೌಡ್ರು ಊಟಾ ಮಾಡ್ಯಾರೇನು?’ ಎಂದು ಗೌಡರನ್ನೇ ನೋಡಿ ಕೇಳುವವನು ಜರ್ಮನ್ ವ್ಯಾಕರಣವನ್ನು ಓದದೆಯೇ ಬಲ್ಲ.

ಇದೇ ಉಪಾಯ ತಿರಸ್ಕಾರಕ್ಕೂ ಬಳಕೆಯಾಗುತ್ತದೆ. ಹಿಂದಿನ ಕಾಲದ ಜರ್ಮನಿಯಲ್ಲಿ ಯಜಮಾನನು ಆಳನ್ನು ಎದುರಿಗೇ ‘ಏರ್’, ಎಂದರೆ ‘ಅವನು’, ಎಂದು ಕರೆಯುತ್ತಿದ್ದನು. ಬ್ಯೂಖ್ನರ್ 1836-37ರಲ್ಲಿ ಬರೆದು ಅಪೂರ್ಣವಾಗಿ ಬಿಟ್ಟುಹೋದ ‘ವೊಯ್ಜ಼ೆಕ್’ ನಾಟಕದಲ್ಲಿ ಕ್ಯಾಪ್ಟನನು ಬಡ ಸಿಪಾಯಿಯನ್ನು ಕರೆಯುವುದು ಹೀಗೆಯೇ. ಇಂಗ್ಲಿಷಿನಲ್ಲಿ ಇದನ್ನು ತೋರಿಸಲು ದಾರಿಯಿಲ್ಲ. ನಮ್ಮಲ್ಲಿ ಉಂಟು. ಕೂಲಿಯವನ ಮುಖವನ್ನೇ ನೋಡುತ್ತ ‘ಇಂವಗ ಏನ ತಿಳೀತೈತಿ?’ ಎನ್ನುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆ ನಾಟಕವನ್ನು ಕನ್ನಡದ ರಂಗಕ್ಕೆ ತರುವವರು ಮೂಲದ ಈ ಒಂದು ಶಬ್ದವನ್ನು ಹಿಡಿದರೆ ಕ್ಯಾಪ್ಟನನ ಪಾತ್ರ ತಾನಾಗಿ ನಿಂತುಕೊಳ್ಳುತ್ತದೆ.

ಇನ್ನು ‘ದು’ ಎಂಬುದರ ವಿಚಾರ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಯ ಜಾತ್ರೆಯಲ್ಲಿ ಹೋದವರು ಒಂದು ನೋಟವನ್ನು ಕಂಡಿರಬೇಕು. ಚಕ್ಕಡಿ ಇಳಿದು, ಈಗೀಗ ಬಸ್ಸು ಟ್ರ್ಯಾಕ್ಟರು ಇಳಿದು, ಭಂಡಾರ ಬಳಿದುಕೊಂಡ ಮುದುಕಿ ಪೂಜಾರಿಯ ಹತ್ತಿರ ‘ಕಾಯಿ ಒಡದ ಕೊಡ್ರಿ’ ಎಂದು ಬಹುವಚನದಲ್ಲಿ ಬೇಡುತ್ತಾಳೆ. ಮರುಕ್ಷಣವೇ ದೇವಿಯ ಕಡೆ ತಿರುಗಿ ‘ನೀನ ನೋಡಬೇಕವ್ವಾ’ ಎನ್ನುತ್ತಾಳೆ. ಪೂಜಾರಿಗೆ ‘ನೀವು’, ದೇವಿಗೆ ‘ನೀ’. ಜರ್ಮನ್ ಹಳ್ಳಿಯ ಮುದುಕಿಯೂ ಇದನ್ನೇ ಮಾಡುತ್ತಾಳೆ: ಪಾದ್ರಿಗೆ ‘ಜ಼ೀ’, ದೇವರಿಗೆ ‘ದು’. ತಾಯಿಗೂ ‘ದು’, ಮಗುವಿಗೂ ‘ದು’, ನಾಯಿಗೂ ‘ದು’. ಅತ್ಯಂತ ಹತ್ತಿರದವರಿಗೂ ಎಲ್ಲಕ್ಕೂ ಮೇಲಿನವನಿಗೂ ಸಲ್ಲುವ ಶಬ್ದ ಒಂದೇ. ಮರ್ಯಾದೆಯ ಬಹುವಚನವೆಲ್ಲ ನಡುವಿನವರ ಪಾಲು. ಹನ್ನೆರಡನೆಯ ಶತಮಾನದ ವಚನಕಾರರು ದೇವರನ್ನು ಏಕವಚನದಲ್ಲಿ ಮಾತಾಡಿಸಿದಾಗ ಅವರ ಹಿಂದೆ ಇದ್ದದ್ದು ಈ ಮನೆಮಾತಿನ ಸಲಿಗೆಯೇ.

ಮಾರ್ಟಿನ್ ಬೂಬರ್ 1923ರಲ್ಲಿ ಒಂದು ಸಣ್ಣ ಪುಸ್ತಕ ಬರೆದು ಅದಕ್ಕೆ ‘ನಾನು ಮತ್ತು ನೀನು’ ಎಂದು ಅರ್ಥ ಬರುವ ಹೆಸರಿಟ್ಟರು. 1937ರ ಇಂಗ್ಲಿಷ್ ಅನುವಾದ ಅದನ್ನು ‘ಐ ಅಂಡ್ ದೌ’ ಮಾಡಿತು. ಮನೆಯ ಅಂಗಳದ ‘ದು’ ಒಮ್ಮೆಗೇ ಪ್ರಾರ್ಥನಾಮಂದಿರದ ‘ದೌ’ ಆಗಿ ಕುಳಿತಿತು. 1970ರಲ್ಲಿ ಮತ್ತೆ ಅನುವಾದಿಸಿದ ವಾಲ್ಟರ್ ಕಾಫ್‌ಮನ್ನರು ಇದು ಸಲ್ಲದೆಂದು ವಾದಿಸಿ ಪುಸ್ತಕದ ಒಳಗೆಲ್ಲ ‘ಯು’ ಬಳಸಿದರು. ಆದರೆ ಹೊರಗಿನ ಹೆಸರು ಅಷ್ಟರಲ್ಲಿ ಗಟ್ಟಿಯಾಗಿ ಅಂಟಿಕೊಂಡಿತ್ತು. ಇಂಗ್ಲಿಷರು ಎರಡು ಸಲ ಹೆಣಗಿದ ಈ ತೊಡಕು ಕನ್ನಡಕ್ಕೆ ತೊಡಕೇ ಅಲ್ಲ. ನಮ್ಮ ಬೇಂದ್ರೆಯವರು ‘ನಾಕು ತಂತಿ’ಯಲ್ಲಿ ಸರ್ವನಾಮಗಳನ್ನೇ ತಂತಿಗಳನ್ನಾಗಿ ಮಾಡಿ ಮೀಟಿದರು. ಅಂಥ ಭಾಷೆಗೆ ಬೂಬರರ ಹೆಸರನ್ನು ಜರ್ಮನ್ನಿನಿಂದ ನೆಟ್ಟಗೆ ತೆಗೆದುಕೊಳ್ಳುವುದು ಕೈಯಿಂದ ಕೈಗೆ ಹಣ್ಣು ಕೊಟ್ಟಷ್ಟು ಸುಲಭ.

ಇಷ್ಟು ಹೋಲಿಕೆಯನ್ನು ಕಂಡು ಹಿಗ್ಗಿದ ನನಗೆ ಮುಂದೆ ಒಂದು ಗೋಡೆ ಅಡ್ಡ ಬಂತು. ಇದನ್ನು ವಿವರಿಸಲು ಕಿತ್ತೂರಿಗೆ ಹೋಗಬೇಕು. ಅಲ್ಲಿ ನಾನು ಎಂಟು ವರ್ಷ ಮಾಸ್ತರನಾಗಿದ್ದೆ. ಪ್ರತಿ ವರ್ಷವೂ ಅಕ್ಟೋಬರ್ ತಿಂಗಳಲ್ಲಿ ಹುಡುಗರು ರಾಣಿ ಚೆನ್ನಮ್ಮನ ಮೇಲೆ ನಿಬಂಧ ಬರೆಯುತ್ತಿದ್ದರು. 1824ರಲ್ಲಿ ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಬಿದ್ದದ್ದು, 1829ರಲ್ಲಿ ಬೈಲಹೊಂಗಲದ ಕೋಟೆಯ ಸೆರೆಯಲ್ಲಿ ಚೆನ್ನಮ್ಮ ತೀರಿಕೊಂಡದ್ದು, ಎಲ್ಲವನ್ನೂ ಬರೆಯುತ್ತಿದ್ದರು. ಆದರೆ ಒಬ್ಬ ಹುಡುಗ ‘ಚೆನ್ನಮ್ಮ ಹೋರಾಡಿದಳು’ ಎಂದರೆ ಮತ್ತೊಬ್ಬ ‘ಚೆನ್ನಮ್ಮನವರು ಹೋರಾಡಿದರು’ ಎನ್ನುತ್ತಿದ್ದ. ಒಮ್ಮೆ ಇಬ್ಬರು ಹುಡುಗರು ಈ ಒಂದು ಪ್ರತ್ಯಯಕ್ಕಾಗಿ ಕೈಕೈ ಮಿಲಾಯಿಸುವಷ್ಟಕ್ಕೆ ಬಂದರು. ಒಬ್ಬನ ವಾದ: ರಾಣಿಗೆ ಏಕವಚನವೆಂದರೆ ಅವಮಾನ. ಇನ್ನೊಬ್ಬನದು: ನಮ್ಮ ಚೆನ್ನಮ್ಮ ನಮಗೆ ತಾಯಿ, ತಾಯಿಗೆ ಯಾರು ‘ನೀವು’ ಎನ್ನುತ್ತಾರೆ? ಇಬ್ಬರಿಗೂ ಪೂರ್ಣ ಅಂಕ ಕೊಟ್ಟು ಕೂರಿಸಿದೆ. ಇಂದಿಗೂ ಯಾರದು ಸರಿಯೆಂದು ಹೇಳಲಾರೆ.

ಜರ್ಮನ್ ಹುಡುಗರಿಗೆ ಈ ಜಗಳ ಹುಟ್ಟುವುದೇ ಇಲ್ಲ. ರಾಣಿಯೂ ‘ಜ಼ೀ’, ದಾಸಿಯೂ ‘ಜ಼ೀ’. ಚಕ್ರವರ್ತಿಯೂ ‘ಏರ್’, ಕಳ್ಳನೂ ‘ಏರ್’. ಜರ್ಮನ್ನಿನ ಮರ್ಯಾದೆ ಎದುರಾಎದುರಿನದು. ಬೆನ್ನು ತಿರುಗಿಸಿದ ಕೂಡಲೆ ಎಲ್ಲರೂ ಸಮಾನರು. ಕನ್ನಡದ ಮರ್ಯಾದೆ ಮರೆಯಲ್ಲಿರುವವರನ್ನೂ ಹಿಂಬಾಲಿಸಿಕೊಂಡು ಹೋಗುತ್ತದೆ. ಸತ್ತು ಇನ್ನೂರು ವರ್ಷವಾದವರನ್ನೂ ಬಿಡುವುದಿಲ್ಲ. ಅವನು, ಆತ, ಅವರು. ಅವಳು, ಆಕೆ, ಅವರು. ಇವುಗಳ ತೂಕವೂ ಊರಿಂದ ಊರಿಗೆ ಬೇರೆ. ಮೈಸೂರಿನ ಕಡೆಯವರಿಗೆ ‘ಆಕೆ’ ಎಂಬುದರಲ್ಲಿ ಒಂದಿಷ್ಟು ಗೌರವ ಕಾಣುತ್ತದೆ. ನಮ್ಮ ಕಡೆ ‘ಅಕಿ’ ಎಂದರೆ ಪಕ್ಕದ ಮನೆಯವಳು.

ಅನುವಾದಕನ ಸಂಕಟ ಇಲ್ಲಿಯೇ ಇದೆ. ಜರ್ಮನ್ ಕಾದಂಬರಿಯ ನಿರೂಪಕನು ತನ್ನ ಪಾತ್ರದ ವಿಷಯದಲ್ಲಿ ನಿರ್ಲಿಪ್ತನಾಗಿ ಇರಬಲ್ಲ. ಕನ್ನಡದ ನಿರೂಪಕನು ಬಾಯಿ ತೆರೆದೊಡನೆ ತನ್ನ ನಿಲುವನ್ನು ಹೇಳಿಬಿಡುತ್ತಾನೆ. ಕಾಫ್ಕಾನ ‘ವಿಚಾರಣೆ’ ಎಂಬ ಕಾದಂಬರಿ ಅವನು ತೀರಿಹೋದ ಮರುವರ್ಷ, 1925ರಲ್ಲಿ, ಪ್ರಕಟವಾಯಿತು. ಅದರ ನಾಯಕ ಯೋಸೆಫ್ ಕೆ. ಬ್ಯಾಂಕಿನ ಹಿರಿಯ ಅಧಿಕಾರಿ. ತನ್ನ ಮೂವತ್ತನೆಯ ಹುಟ್ಟುಹಬ್ಬದ ಬೆಳಿಗ್ಗೆ ಕಾರಣ ತಿಳಿಯದೆ ಬಂಧನಕ್ಕೆ ಒಳಗಾಗುತ್ತಾನೆ. ನಾನು ಈ ವಾಕ್ಯದಲ್ಲಿ ‘ಒಳಗಾಗುತ್ತಾನೆ’ ಎಂದು ಬರೆದೆ. ವಾಚಕರು ಗಮನಿಸಿದರೋ ಇಲ್ಲವೋ! ಬ್ಯಾಂಕಿನ ಹಿರಿಯ ಅಧಿಕಾರಿಯನ್ನು ನಮ್ಮ ಪತ್ರಿಕೆಗಳು ‘ಅವರು’ ಎನ್ನುತ್ತವೆ. ಬಂಧನದ ಸುದ್ದಿ ಬಂದ ದಿನ ಆ ‘ಅವರು’ ಎಷ್ಟೋ ಸಲ ‘ಆತ’ ಆಗಿಬಿಡುತ್ತಾರೆ. ನ್ಯಾಯಾಲಯ ಇನ್ನೂ ಕೂತೇ ಇಲ್ಲ. ಸರ್ವನಾಮ ತೀರ್ಪು ಕೊಟ್ಟಾಗಿದೆ. ತನ್ನ ತಪ್ಪೇನೆಂದು ತಿಳಿಯದ ಮನುಷ್ಯನ ಕಥೆಯನ್ನು, ಸರ್ವನಾಮದಿಂದಲೇ ತಪ್ಪು ಹೊರಿಸುವ ಭಾಷೆಯಲ್ಲಿ ಹೇಳುವುದು ಹೇಗೆ? ‘ಅವನು’ ಎಂದೇ ಬರೆಯಬೇಕಾದೀತು. ಆದರೆ ಬರೆಯುವವನು ತಾನು ಕೊಡುತ್ತಿರುವ ತೀರ್ಪನ್ನು ಅರಿತು ಬರೆಯಬೇಕು.

ಆ ಕಾದಂಬರಿಯ ಸಂಭಾಷಣೆಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಂಧಿಸಲು ಬಂದ ಕಾವಲುಗಾರರು ಅವನ ಬೆಳಗಿನ ಫರಾಳವನ್ನು ತಾವೇ ತಿಂದುಬಿಡುತ್ತಾರೆ, ಅವನ ಬಟ್ಟೆಯ ಮೇಲೆ ಕಣ್ಣು ಹಾಕುತ್ತಾರೆ; ಆದರೆ ಅವನನ್ನು ಕರೆಯುವುದು ಮಾತ್ರ ‘ಜ಼ೀ’ ಎಂದು. ಮರ್ಯಾದೆಯ ಬಹುವಚನದಲ್ಲಿಯೇ ಅವನ ಮರ್ಯಾದೆ ತೆಗೆಯುತ್ತಾರೆ. ಇಂಗ್ಲಿಷಿನಿಂದ ಅನುವಾದಿಸುವವನು ನಮ್ಮ ಪೊಲೀಸರನ್ನು ನೆನೆದು ‘ನೀನು’ ಎಂದು ಬರೆದರೆ ಈ ಕಟಕಿ ಉಳಿಯುವುದಿಲ್ಲ. ಕೊನೆಕೊನೆಗೆ ದೊಡ್ಡ ಚರ್ಚಿನ ಕತ್ತಲೆಯಲ್ಲಿ ಪಾದ್ರಿಯೊಬ್ಬ ಅವನನ್ನು ಹೆಸರು ಹಿಡಿದು ಕರೆದು ‘ದು’ ಎಂದು ಮಾತಾಡಿಸುತ್ತಾನೆ. ಅಲ್ಲಿಯವರೆಗೆ ಕಚೇರಿಯ ಬಹುವಚನದಲ್ಲಿ ಅಲೆದವನಿಗೆ ಒಮ್ಮೆಗೇ ಏಕವಚನ. ಅದು ಸಲಿಗೆಯೋ, ದೇವರ ಧ್ವನಿಯೋ, ಮರಣದಂಡನೆಯೋ? ಓದುವವನ ಮೈ ನಡುಗುವುದು ಅಲ್ಲಿ. ಇಂಗ್ಲಿಷಿನಲ್ಲಿ ಆಗಲೂ ‘ಯು’, ಈಗಲೂ ‘ಯು’.

ಆ ಪಾದ್ರಿ ಹೇಳುವ ಕಥೆಯೊಂದುಂಟು. 1915ರಲ್ಲಿ ಬೇರೆಯಾಗಿಯೂ ಅಚ್ಚಾದದ್ದು. ಹಳ್ಳಿಯವನೊಬ್ಬ ಕಾನೂನಿನ ಬಾಗಿಲಿಗೆ ಬರುತ್ತಾನೆ. ಬಾಗಿಲು ತೆರೆದಿದೆ, ಕಾವಲುಗಾರ ಬಿಡುವುದಿಲ್ಲ. ಹಳ್ಳಿಯವ ಅಲ್ಲಿಯೇ ಕುಳಿತು ಮುದುಕನಾಗಿ ಸಾಯುತ್ತಾನೆ. ಕಾವಲುಗಾರನು ಅವನನ್ನು ಉದ್ದಕ್ಕೂ ‘ದು’ ಎನ್ನುತ್ತಾನೆ. ಹಳ್ಳಿಯವನ ಬಾಯಿಂದ ನೇರವಾಗಿ ಬರುವ ಮಾತು ಸಾಯುವ ಮುನ್ನಿನ ಒಂದೇ ಪ್ರಶ್ನೆ; ಅದರಲ್ಲಿ ಕಾವಲುಗಾರನನ್ನು ಕುರಿತ ಸರ್ವನಾಮವೇ ಇಲ್ಲ! ಇದನ್ನು ಮೂಲದಲ್ಲಿ ಅಕ್ಷರಕ್ಕಕ್ಷರ ಕೂಡಿಸಿ ಓದಿದ ದಿನ ನಾನು ಪುಸ್ತಕ ಮುಚ್ಚಿ ಎದ್ದುಬಿಟ್ಟೆ. ಈ ಸಂಭಾಷಣೆಯನ್ನು ನಾನು ನೂರು ಸಲ ಕೇಳಿದ್ದೇನೆ. ಯಾವುದೋ ಕಚೇರಿಯ ಹೊಸ್ತಿಲಲ್ಲಿ ನಿಂತವನು ಕೇಳುತ್ತಾನೆ: ‘ಏ, ನಿಂದೇನೋ?’ ರುಮಾಲು ಸುತ್ತಿದ ಮುದುಕ ಹೇಳುತ್ತಾನೆ: ‘ಒಂದ ಉತಾರ ಬೇಕಾಗಿತ್ರಿ.’ ಅವನ ಮಾತಿನಲ್ಲಿಯೂ ಸರ್ವನಾಮವಿಲ್ಲ. ಒಂದು ‘ರಿ’ ಇದೆ. ‘ನೀನು’ ಎನ್ನಲು ಧೈರ್ಯವಿಲ್ಲ, ‘ನೀವು’ ಎನ್ನಲು ಮನಸ್ಸಿಲ್ಲ. ಆ ‘ರಿ’ ಒಂದೇ ಅವನ ಊರುಗೋಲು. ಪ್ರಾಗ್ ಪಟ್ಟಣದ ಕಥೆಯನ್ನು ಬೆಳಗಾವಿ ಜಿಲ್ಲೆಯ ಮಾತಿನಲ್ಲಿ ಹೇಳಿದರೆ ಯಾವ ಇಂಗ್ಲಿಷ್ ಅನುವಾದಕ್ಕಿಂತಲೂ ಮೂಲಕ್ಕೆ ಹತ್ತಿರವಾದೀತೆಂದು ನಾನು ಹೇಳುವುದು ಅಭಿಮಾನದಿಂದಲ್ಲ, ವ್ಯಾಕರಣದಿಂದ.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಮೂಲವನ್ನು ತೆರೆದೆ. ಕಾಫ್ಕಾ ತಂದೆಯನ್ನು ‘ದು’ ಎಂದೇ ಕರೆದಿದ್ದಾನೆ. ಉತ್ತರ ಸಿಕ್ಕಿತಲ್ಲ, ‘ನೀನು’ ಎಂದು ಬರೆಯತಕ್ಕದ್ದು ಎಂದು ನೋಟುಪುಸ್ತಕ ಎಳೆದುಕೊಂಡೆ. ಒಂದು ಪುಟವಾಯಿತು. ಗಟ್ಟಿಯಾಗಿ ಓದಿ ನೋಡಿದೆ. ಅಂಜುಬುರುಕ ಮಗನ ಪತ್ರ ಅದಾಗಿರಲಿಲ್ಲ. ಆಸ್ತಿಯ ಪಾಲಿಗಾಗಿ ತಂದೆಯ ಮೇಲೆ ಕೈ ಎತ್ತಿ ಬಂದ ಮಗನ ಮಾತಾಗಿತ್ತು.

ಇದಕ್ಕೆ ಕಾರಣ ನನ್ನ ಮನೆಯಲ್ಲಿದೆ. ನಮ್ಮಲ್ಲಿ ಅವ್ವನಿಗೆ ‘ನೀ’, ಅಪ್ಪನಿಗೆ ‘ನೀವು’. ಅಪ್ಪ ಪೇಟೆಯಲ್ಲಿ ಒಂದು ಅಡತಿ ಅಂಗಡಿಯ ಗುಮಾಸ್ತ. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಒಮ್ಮೆ ಮಧ್ಯಾಹ್ನ ಬುತ್ತಿ ಕೊಡಲು ಹೋಗಿದ್ದೆ. ಗಾದಿಯ ಮೇಲೆ ಸಾವಕಾರರ ಮಗ ಕುಳಿತಿದ್ದ. ಮೀಸೆ ಇನ್ನೂ ಮೂಡಿರಲಿಲ್ಲ. ‘ಏ, ನೀ ಆ ಕೀರ್ದಿ ತಾ ಇಲ್ಲೆ’ ಎಂದ. ಅಪ್ಪ ‘ತಂದೆ ರೀ’ ಎಂದು ಎದ್ದರು. ನನ್ನನ್ನು ಕಂಡರು, ಕಂಡೂ ಕಾಣದಂತೆ ಕೀರ್ದಿ ಪುಸ್ತಕ ತೆಗೆದುಕೊಂಡು ಹೋದರು. ಆ ದಿನ ರಾತ್ರಿ ಊಟಕ್ಕೆ ಕರೆಯಲು ಹೋಗಿ ‘ಅಪ್ಪಾ, ನೀವು ಬರ್ರಿ’ ಎಂದಾಗ ಆ ‘ನೀವು’ ಎಂಬುದನ್ನು ನಾನು ಮೊದಲ ಬಾರಿಗೆ ಬೇಕೆಂದೇ ಒತ್ತಿ ಹೇಳಿದೆ. ದಿನವಿಡೀ ಏಕವಚನ ಕೇಳಿ ಬಂದವರಿಗೆ ಮನೆಯಲ್ಲಿ ನಾವು ಕೊಡಬಹುದಾದದ್ದು ಅದೊಂದೇ ಇತ್ತು. ಅಂಥ ‘ನೀವು’ ಎಂಬುದನ್ನು ತಂದೆಯ ಹೆಸರಿನ ಮುಂದಿನಿಂದ ತೆಗೆದುಹಾಕಲು ನನ್ನ ಕೈಗೆ ಆಗಲಿಲ್ಲ.

ಆದರೆ ಇದು ನನ್ನ ಭಾವನೆಯಾಯಿತು. ಅನುವಾದಕ್ಕೆ ನ್ಯಾಯ ಬೇರೆ ಬೇಕು. ಅದನ್ನು ಹುಡುಕುತ್ತ ಹೋದಾಗ ಕಂಡದ್ದಿಷ್ಟು. ಜರ್ಮನ್ ಮಾತಾಡುವ ನಾಡುಗಳಲ್ಲಿಯೂ ಹದಿನೆಂಟನೆಯ ಶತಮಾನದಲ್ಲಿ ತಂದೆತಾಯಿಗಳನ್ನು ಬಹುವಚನದಲ್ಲಿ ಕರೆಯುವ ಮನೆಗಳಿದ್ದವು. ಕಾಫ್ಕಾನ ಕಾಲಕ್ಕೆ ಆ ರೂಢಿ ಅಳಿದು, ಮಕ್ಕಳೆಲ್ಲರೂ ತಂದೆಗೆ ‘ದು’ ಎನ್ನುವುದು ವಾಡಿಕೆಯಾಗಿತ್ತು. ಆದ್ದರಿಂದ ಅವನ ‘ದು’ ಎಂಬುದರಲ್ಲಿ ಧೈರ್ಯವೂ ಇಲ್ಲ, ದಂಗೆಯೂ ಇಲ್ಲ. ಅದು ಆ ಮನೆಯ ದಿನನಿತ್ಯದ ಶಬ್ದ. ಅದಕ್ಕೆ ಸರಿಸಾಟಿಯಾದದ್ದು ನಮ್ಮ ನಿಘಂಟಿನ ‘ನೀನು’ ಎಂಬುದಲ್ಲ. ನಮ್ಮ ಮನೆಯ ದಿನನಿತ್ಯದ ಶಬ್ದ. ಅಪ್ಪನಿಗೆ ‘ನೀ’ ಎನ್ನುವ ಮನೆಗಳು ನಮ್ಮ ಓಣಿಯಲ್ಲಿಯೇ ಇದ್ದವು; ಆ ಮನೆಯವನು ಅನುವಾದಿಸಿದರೆ ‘ನೀ’ ಎಂದೇ ಬರೆಯಲಿ, ಅದೂ ಸರಿ. ನಾನು ‘ನೀವು’ ಎಂದು ಬರೆಯುತ್ತೇನೆ.

ಇದರಲ್ಲಿ ನಷ್ಟವಿಲ್ಲವೆಂದು ಹೇಳಿದರೆ ವಾಚಕರಿಗೆ ಮೋಸ ಮಾಡಿದಂತೆ. ಅಪ್ಪ ತೀರಿಕೊಂಡ ದಿನ ನಾನು ಅವರ ಕಾಲು ಹಿಡಿದು ಅತ್ತದ್ದು ‘ಎಲ್ಲಿ ಹೋದಿ ಅಪ್ಪಾ’ ಎಂದು. ನಮ್ಮ ಕಡೆ ಹೆಣದ ಮುಂದೆ ಯಾರೂ ಬಹುವಚನದಲ್ಲಿ ಅಳುವುದಿಲ್ಲ. ಜೀವಮಾನದಲ್ಲಿ ಅವರನ್ನು ಏಕವಚನದಲ್ಲಿ ಕರೆದದ್ದು ಅದೊಂದೇ ಸಲ, ಅವರು ಕೇಳಲಿಲ್ಲ. ಕಾಫ್ಕಾನ ‘ದು’ ಎಂಬುದರಲ್ಲಿ ಊಟಕ್ಕೆ ಕರೆಯುವ ಧ್ವನಿಯೂ ಇದೆ, ಹೆಣದ ಮುಂದೆ ಅಳುವ ಧ್ವನಿಯೂ ಇದೆ. ಕನ್ನಡದಲ್ಲಿ ಅವೆರಡಕ್ಕೂ ಬೇರೆ ಬೇರೆ ಶಬ್ದ. ಪತ್ರದ ಯಾವುದಾದರೂ ಒಂದು ಸಂಕಟದ ಸಾಲಿನಲ್ಲಿ ‘ನೀವು’ ಎಂಬುದು ‘ನೀ’ ಆಗಲೇ ಎಂದು ಮನಸ್ಸು ತವಕಿಸುತ್ತದೆ. ಮೂಲದಲ್ಲಿ ಅಂಥ ಪಲ್ಲಟವಿಲ್ಲ. ಆದ್ದರಿಂದ ಅದು ಅನುವಾದಕನ ಹಕ್ಕೂ ಅಲ್ಲ. ಮುನ್ನುಡಿಯಲ್ಲಿ ಈ ನಷ್ಟವನ್ನು ನಾಲ್ಕು ಸಾಲು ಬರೆದು ಒಪ್ಪಿಕೊಳ್ಳಬಹುದು. ಅಷ್ಟೇ.

ನನ್ನ ಕೋರಿಕೆಯೂ ದೊಡ್ಡದಲ್ಲ. ಜರ್ಮನ್ ಕೃತಿಗಳನ್ನು ಕನ್ನಡಿಸುವವರೆಲ್ಲರೂ ಆ ಭಾಷೆಯ ಪಂಡಿತರಾಗಬೇಕೆಂದು ನಾನು ಹೇಳಲಾರೆ. ನಾನೇ ಇನ್ನೂ ಒಂದನೆಯ ಇಯತ್ತೆ. ಇಂಗ್ಲಿಷಿನಿಂದಲೇ ಅನುವಾದಿಸುವುದಾದರೂ ಮೂಲದ ಒಂದು ಪ್ರತಿಯನ್ನು ಪಕ್ಕದಲ್ಲಿ ಇಟ್ಟುಕೊಂಡು, ಯಾರು ಯಾರಿಗೆ ‘ದು’ ಎನ್ನುತ್ತಾರೆ, ಯಾರು ಯಾರಿಗೆ ‘ಜ಼ೀ’ ಎನ್ನುತ್ತಾರೆ, ಎಲ್ಲಿ ಒಂದು ಇನ್ನೊಂದಾಗುತ್ತದೆ ಎಂಬಷ್ಟನ್ನು ಗುರುತಿಸಿಕೊಳ್ಳಲಿ. ಅದಕ್ಕೆ ಒಂದು ವಾರದ ಅಭ್ಯಾಸ ಸಾಕು. ಉಳಿದ ಕೆಲಸವನ್ನು ಅವರವರ ಊರಿನ ಮಾತು ಮಾಡಿಕೊಡುತ್ತದೆ.

ಕಳೆದ ಭಾನುವಾರ ಮೊಮ್ಮಗಳು ಫೋನು ಮಾಡಿದ್ದಳು. ಮಾತಿನ ನಡುವೆ ಯಾರೋ ಬಾಗಿಲು ತಟ್ಟಿದರು. ನೆರೆಮನೆಯ ಮುದುಕಿಯನ್ನು ‘ಜ಼ೀ’ ಎಂದು ಮಾತಾಡಿಸಿ ಕಳಿಸಿ ಬಂದು, ‘ಅಜ್ಜಾ, ನೀ ಏನ ಹೇಳಾಕ್ಹತ್ತಿದ್ದಿ?’ ಎಂದಳು. ಏನು ಹೇಳುತ್ತಿದ್ದೆನೋ ಮರೆತಿತ್ತು. ಆ ‘ನೀ’ ಎಂಬುದನ್ನು ಇನ್ನೊಮ್ಮೆ ಕೇಳಲೆಂದು, ‘ಏನಂದಿ?’ ಎಂದೆ.